ದಾವಣಗೆರೆಯಿಂದ ಕಡಲ ದಂಡೆಗೆ: ಐದು ದಿನದ ಕಾರು ಪ್ರವಾಸ ಹೊಂದಿಸುವುದು ಹೀಗೆ

ನಮ್ಮೂರಿನಿಂದ ಕಾರು ತೆಗೆದುಕೊಂಡು ಕರಾವಳಿಗೆ ಹೊರಟವರು ಹೆಚ್ಚಾಗಿ ಒಂದೇ ಸುತ್ತು ಹಾಕುತ್ತಾರೆ. ಶಿವಮೊಗ್ಗ, ಸಾಗರ, ಜೋಗ. ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ. ಅಲ್ಲಿಂದ ಕೆಳಗೆ ಮುರುಡೇಶ್ವರ, ಉಡುಪಿ. ಆಗುಂಬೆ ಹತ್ತಿ ಮನೆ. ನಾವೂ ಮೊದಲ ಸಲ ಹಾಗೇ ಹೋಗಿದ್ದೆವು, ಅದೂ ಮೂರೇ ದಿನದಲ್ಲಿ. ವಾಪಸ್ ಬಂದು ಮೊಬೈಲ್ ತೆಗೆದು ನೋಡಿದರೆ ಸಮುದ್ರದ ಫೋಟೊಗಿಂತ ಡಿವೈಡರ್ ಫೋಟೊಗಳೇ ಜಾಸ್ತಿ ಇದ್ದವು.

ಊರುಗಳ ಆಯ್ಕೆ ಸರಿಯಾಗೇ ಇತ್ತು. ದಿಕ್ಕು ತಿರುಗುಮುರುಗಾಗಿತ್ತು.

ಮೊದಲು ದಿಕ್ಕು ಗೊತ್ತು ಮಾಡಿ

ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಸಮುದ್ರ ಇರುವುದು ಪಶ್ಚಿಮಕ್ಕೆ. ಉಡುಪಿಯಿಂದ ಗೋಕರ್ಣದ ಕಡೆಗೆ, ಅಂದರೆ ಉತ್ತರಕ್ಕೆ ಹೋದರೆ ಸಮುದ್ರ ನಿಮ್ಮ ಎಡಕ್ಕೇ ಇರುತ್ತದೆ. ಬೀಚ್ ಕಂಡ ಕೂಡಲೇ ಎಡಕ್ಕೆ ತಿರುಗಿ ನಿಲ್ಲಿಸಬಹುದು. ಉಡುಪಿ ಕಡೆಗೆ ಇಳಿಯುವವರಿಗೆ ಈ ಸುಖ ಇಲ್ಲ. ನಡುವೆ ಡಿವೈಡರ್, ಅದರಾಚೆ ಎದುರು ಬರುವ ಲಾರಿ ಸಾಲು, ಅದರಾಚೆ ಸಮುದ್ರ. ಒಂದು ಬೀಚಿಗೆ ಹೋಗಬೇಕಾದರೆ ಮುಂದೆ ಎಲ್ಲೋ ಇರುವ ಯು-ಟರ್ನ್ ಹುಡುಕಬೇಕು.

ಬಿಸಿಲಿನ ಲೆಕ್ಕವೂ ಇದೆ. ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ಹೋಗುವ ಡ್ರೈವರ್‌ಗೆ ಸೂರ್ಯ ಬಲಗಡೆ ಕಿಟಕಿಯಿಂದ ನೇರ ತೋಳಿಗೆ ಹೊಡೆಯುತ್ತಾನೆ. ಉತ್ತರಕ್ಕೆ ಹೋದರೆ ಆ ಬಿಸಿಲು ಪಕ್ಕದ ಸೀಟಿನವರ ಪಾಲು. ಅವರಿಗೆ ಸಮುದ್ರವೂ ಸಿಗುತ್ತದಲ್ಲ, ಸಹಿಸಿಕೊಳ್ಳಲಿ ಬಿಡಿ.

ಹಾಗಾಗಿ ಸುತ್ತು ಹೀಗಿರಲಿ: ದಾವಣಗೆರೆ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಉಡುಪಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕುಂದಾಪುರ, ಮರವಂತೆ, ಮುರುಡೇಶ್ವರ, ಹೊನ್ನಾವರ, ಗೋಕರ್ಣ. ಕೊನೆಗೆ ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ದಾವಣಗೆರೆ. ಬರೀ ದಾರಿ ಸುಮಾರು 725 ಕಿಲೋಮೀಟರ್. ಅಲ್ಲಿ ಇಲ್ಲಿ ಸುತ್ತಾಡಿದ್ದು ಸೇರಿದರೆ 850. ಲೀಟರ್‌ಗೆ 16 ಕಿಲೋಮೀಟರ್ ಕೊಡುವ ಕಾರಿಗೆ 53 ಲೀಟರ್ ಪೆಟ್ರೋಲ್ ಅಂತ ಹಿಡಿಯಿರಿ. ಚಿತ್ರದುರ್ಗದವರು ದಾವಣಗೆರೆಗೆ ಬರುವ ಅಗತ್ಯವಿಲ್ಲ. ಹೊಳಲ್ಕೆರೆ, ಚನ್ನಗಿರಿ ಮೇಲೆ ನೇರ ಶಿವಮೊಗ್ಗ ಸೇರಿಕೊಳ್ಳಬಹುದು.

"ಜೋಗ ಬಿಟ್ಟುಹೋಯಿತಲ್ಲ" ಅಂತ ಕೇಳುತ್ತೀರಿ. ಡಿಸೆಂಬರ್, ಜನವರಿಯಲ್ಲಿ ಜೋಗದಲ್ಲಿ ಇರುವುದು ಬಂಡೆ ಮತ್ತು ನಾಲ್ಕು ಎಳೆ ನೀರು. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ನೋಡಬೇಕಾದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬೇರೆಯಾಗಿ ಹೋಗಿ. ನಮ್ಮೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗಕ್ಕೆ ಕಡಲ ಪ್ರವಾಸದ ಅರ್ಧ ದಿನ ಯಾಕೆ ಕೊಡಬೇಕು? ಅಕ್ಟೋಬರ್‌ನಲ್ಲೇ ಹೊರಟಿದ್ದರೆ ಮಾತು ಬೇರೆ. ಆಗ ಹೊನ್ನಾವರದಿಂದಲೇ ಗೇರುಸೊಪ್ಪೆ ಹತ್ತಿ ಜೋಗದ ಮೇಲೆ ವಾಪಸ್ ಬನ್ನಿ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ನಂತರ ಕರಾವಳಿಯ ಸೆಕೆ ನಮಗೆ ಆಗಿಬರುವುದಿಲ್ಲ. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ಮುಗಿಯಿತು. ಅಲ್ಲಿ ನೆರಳಲ್ಲಿ ಕೂತರೂ ಅಂಗಿ ಮೈಗೆ ಅಂಟುತ್ತದೆ.

ಮಳೆಗಾಲದಲ್ಲಿ ಕಡಲು ಚೆಂದ, ನಿಜ. ಆದರೆ ರಸ್ತೆ ನಂಬಿಕೆಗೆ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿ 66ರ ಮೇಲೆ ಬಿತ್ತು. ಗಾಡಿಗಳು ಗಂಗಾವಳಿ ನದಿಗೆ ಹೋದವು, ಜನ ಸತ್ತರು. ಮೂರು ವಾರ ಕಳೆದ ಕೂಡಲೇ, ಆಗಸ್ಟ್ 7ರಂದು, ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಇನ್ನೊಂದು ವಿಷಯ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಮೀನೂಟದ ಆಸೆಗೆ ಹೋಗುವವರು ಆಗ ಹೋದರೆ ದುಡ್ಡೂ ಜಾಸ್ತಿ, ಮೀನೂ ಕಡಿಮೆ.

ಹಬ್ಬದ ದಿನಗಳನ್ನೂ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ, ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಇರುತ್ತದೆ. ಶಿವರಾತ್ರಿಗೆ ಗೋಕರ್ಣ ತುಂಬುತ್ತದೆ. ಅದನ್ನೇ ನೋಡಲು ಹೋಗುವವರಿಗೆ ಒಳ್ಳೆಯದು. ಸುಮ್ನೆ ಕಡಲು ನೋಡಲು ಹೋಗುವವರು ಆ ವಾರ ಬಿಟ್ಟುಬಿಡಿ.

ರೂಮು ಹಿಡಿಯುವಾಗ

ಐದು ದಿನಕ್ಕೆ ನಾಲ್ಕು ರಾತ್ರಿ. ನಾಲ್ಕು ಊರಲ್ಲಿ ನಾಲ್ಕು ರೂಮು ಮಾಡಬೇಡಿ. ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟಿ, ಒದ್ದೆ ಟವೆಲ್ ಕವರಿಗೆ ತುರುಕಿ, ಚಾರ್ಜರ್ ಮರೆತು, ಹನ್ನೊಂದಕ್ಕೆ ಹೊರಡುವುದರಲ್ಲೇ ಪ್ರವಾಸ ಮುಗಿಯುತ್ತದೆ. ಉಡುಪಿ ಅಥವಾ ಮಲ್ಪೆಯಲ್ಲಿ ಎರಡು ರಾತ್ರಿ, ಮುರುಡೇಶ್ವರ ಅಥವಾ ಹೊನ್ನಾವರದಲ್ಲಿ ಒಂದು, ಗೋಕರ್ಣದಲ್ಲಿ ಒಂದು. ಇಷ್ಟು ಸಾಕು.

ಒಮ್ಮೆ ನಾವು ಫೋಟೊ ನೋಡಿ "ಕಡಲಿಗೆ ಮುಖ ಮಾಡಿದ ರೂಮು" ಅಂತ ಮುಂಗಡ ಕಟ್ಟಿದ್ದೆವು. ಹೋಗಿ ನೋಡಿದರೆ ಕಟ್ಟಡ ಕಡಲಿಗೆ ಮುಖ ಮಾಡಿತ್ತು, ನಮ್ಮ ರೂಮು ಜನರೇಟರಿಗೆ. ಅಂದಿನಿಂದ ಮುಂಗಡ ಹಾಕುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ. ನಮಗೆ ಕೊಡುವ ಇದೇ ರೂಮಿನ ಕಿಟಕಿಯಿಂದ ಏನು ಕಾಣುತ್ತದೆ? ಕಾರು ಒಳಗೆ ನಿಲ್ಲುತ್ತದಾ, ರಸ್ತೆಯಲ್ಲಾ? ಬೆಳಿಗ್ಗೆ ಏಳಕ್ಕೆ ತಿಂಡಿ ಸಿಗುತ್ತದಾ? ಮೊದಲ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡುತ್ತೇನೆ.

ಗಾಡಿ ಮತ್ತು ಗಂಟು

ಹೊರಡುವ ಒಂದು ವಾರ ಮೊದಲೇ ಬ್ರೇಕ್ ತೋರಿಸಿ. ಹೊರಡುವ ದಿನ ತೋರಿಸಿದರೆ ಸಾಮಾನು ಸಿಗದೆ ಪರದಾಡಬೇಕಾಗುತ್ತದೆ. ಸ್ಟೆಪ್ನಿಗೂ ಗಾಳಿ ಹಾಕಿಸಿ. ವೈಪರ್ ಬ್ಲೇಡ್ ಬದಲಿಸಿ, ಚಳಿಗಾಲದಲ್ಲೂ ಆಗುಂಬೆಯಲ್ಲಿ ಮಂಜು ಸಿಗಬಹುದು. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಡಿಎಲ್ ಡಿಜಿಲಾಕರ್‌ನಲ್ಲಿ ಇರಲಿ. ತೀರ್ಥಹಳ್ಳಿ ದಾಟಿದ ಮೇಲೆ ಹೆಬ್ರಿವರೆಗೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಉಡುಪಿಯಿಂದ ಉತ್ತರಕ್ಕೆ ಸಾಸ್ತಾನ, ಶಿರೂರು, ಹೊಳೆಗದ್ದೆ ಟೋಲ್‌ಗಳು ಸಿಗುತ್ತವೆ. ಈ ಶಿರೂರು ಬೈಂದೂರು ತಾಲ್ಲೂಕಿನದು, ಗುಡ್ಡ ಕುಸಿದ ಶಿರೂರು ಬೇರೆ. ವಾಪಸ್ ಬರುವಾಗ ಹೆದ್ದಾರಿ 48ರಲ್ಲೂ ಟೋಲ್ ಇವೆ. ವರ್ಷದಲ್ಲಿ ಬೆಂಗಳೂರು, ಹುಬ್ಬಳ್ಳಿ ಅಂತ ಓಡಾಡುವವರಾದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭ. 2025ರ ಆಗಸ್ಟ್ 15ಕ್ಕೆ ಶುರುವಾದಾಗ ಅದರ ದರ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟೋಲ್ ದಾಟುವವರೆಗೆ, ಯಾವುದು ಮೊದಲೋ ಅದು. ಸ್ವಂತ ಕಾರಿಗೆ ಮಾತ್ರ, ಬಾಡಿಗೆ ಹಳದಿ ಬೋರ್ಡಿಗೆ ಇಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೆನ್ನಾಗಿ ಬಾಳುತ್ತವೆ. ಮಂಡಕ್ಕಿ ಮಾತ್ರ ಘಾಟಿಯ ಮೇಲೇ ತಿಂದು ಮುಗಿಸಿ. ನಾನು ಸುಮ್ಮನೆ ಹೇಳುತ್ತಿಲ್ಲ. ಮನೆಯಲ್ಲಿ ಕರಕರ ಅನ್ನುತ್ತಿದ್ದ ಖಾರ ಮಂಡಕ್ಕಿ ಡಬ್ಬಿಯನ್ನು ಹೆಬ್ರಿಯಲ್ಲಿ ತೆಗೆದೆವು. ಒಂದು ಹಿಡಿ ಬಾಯಿಗೆ ಹಾಕಿದರೆ ಹತ್ತಿ ಅಗಿದ ಹಾಗೆ. "ಕರಾವಳಿ ಬಂತು ಅಂತ ಬೋರ್ಡ್ ನೋಡೋದೇ ಬೇಡ" ಅಂದಳು ಮಗಳು.

ಮೊದಲ ದಿನ: ಇಳಿಯುವ ದಿನ

ಬೆಳಿಗ್ಗೆ ಐದೂವರೆಗೆ ಹೊರಡಿ. ಬೆಣ್ಣೆ ದೋಸೆ ತಿಂದೇ ಹೊರಡೋಣ ಅಂದರೆ ಒಂಬತ್ತಾಗುತ್ತದೆ, ಅದನ್ನು ವಾಪಸ್ ಬಂದ ಮೇಲೆ ಇಟ್ಟುಕೊಳ್ಳಿ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ದಾರಿಯಲ್ಲಿ ಕತ್ತಲಿರುವಾಗ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳಿಗೆ ಹುಷಾರು. ಬೆಳಕಾಗುವವರೆಗೆ ಅರವತ್ತರ ಮೇಲೆ ಹೋಗಬೇಡಿ.

ಎಂಟರ ಸುಮಾರಿಗೆ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಆನೆಗಳು ತುಂಗಾ ಹಿನ್ನೀರಿಗೆ ಸ್ನಾನಕ್ಕೆ ಇಳಿಯುವುದು ಬೆಳಗಿನ ಹೊತ್ತಲ್ಲಿ. ಮಧ್ಯಾಹ್ನ ಹೋದರೆ ಏನೂ ಇರುವುದಿಲ್ಲ. ಬೇಗ ಹೊರಟದ್ದರ ಮೊದಲ ಲಾಭ ಇಲ್ಲೇ ಸಿಗುತ್ತದೆ.

ಆಗುಂಬೆಯನ್ನು ಮಧ್ಯಾಹ್ನ ಒಂದರೊಳಗೆ ಇಳಿಯಲು ನೋಡಿ. ಸಂಜೆ ಇಳಿದರೆ ಸೂರ್ಯ ನೇರ ಕಣ್ಣಿಗೇ ಬರುತ್ತಾನೆ. 14 ಹೇರ್‌ಪಿನ್ ತಿರುವುಗಳಿವೆ, ರಸ್ತೆ ಕಿರಿದು. ಬಯಲುಸೀಮೆಯ ಡ್ರೈವರ್‌ಗಳು ಇಲ್ಲಿ ಮಾಡುವ ತಪ್ಪು ಒಂದೇ: ನಾಲ್ಕನೇ ಗೇರಿನಲ್ಲಿ ಇಳಿಯುತ್ತಾ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಡುವುದು. ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ತಿರುವಿನಲ್ಲಿ ಮಾತ್ರ ಒತ್ತಿದರೆ ಸಾಕು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಾಳಿ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಿರುವಿನಲ್ಲಿ ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು. ಬಸ್ಸು ಎದುರಾದರೆ ತಿರುವಿಗೆ ಮೊದಲೇ ನಿಂತುಬಿಡಿ. ಅವರಿಗೆ ಆ ತಿರುವು ಕಣ್ಣು ಮುಚ್ಚಿದರೂ ಗೊತ್ತು, ನಮಗಲ್ಲ.

ಸೋಮೇಶ್ವರ, ಹೆಬ್ರಿ ದಾಟಿ ಮೂರೂವರೆ ಸುಮಾರಿಗೆ ಉಡುಪಿ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿಗೆ. ಕೈಕಾಲು ತೊಳೆದುಕೊಂಡು ಮಲ್ಪೆಗೆ ಹೋಗಲು ಸಮಯ ಇರುತ್ತದೆ. ಮುಂದಿನ ಎಲ್ಲಾ ದಿನಗಳಿಗೂ ಇದೇ ನಿಯಮ: ಸಂಜೆ ಐದಕ್ಕೆ ಕಾರು ನಿಂತಿರಬೇಕು. ಕತ್ತಲಾದ ಮೇಲೆ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವ ಕೆಲಸ ಬೇಡ. ದನ, ಪಕ್ಕಕ್ಕೆ ನಿಂತ ಲಾರಿ, ಡಿವೈಡರ್ ನಡುವೆ ತಟ್ಟನೆ ನುಗ್ಗುವ ಸ್ಕೂಟರ್, ಎಲ್ಲವೂ ಸಿಗುತ್ತವೆ. ಸಮುದ್ರ ಮಾತ್ರ ಕಾಣುವುದಿಲ್ಲ.

ಎರಡನೇ ದಿನ: ಉಡುಪಿ ಸುತ್ತ

ಬೆಳಿಗ್ಗೆ ಕೃಷ್ಣಮಠ. ಆಮೇಲೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಬಂಡೆಗಳು ಲಾವಾ ಆರುವಾಗ ಸೀಳಿ ಆದವು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಚಿತ್ರದುರ್ಗದ ಬಂಡೆ ಹತ್ತಿ ಬೆಳೆದವರಿಗೂ ಈ ಬಂಡೆ ಹೊಸತು ಅನ್ನಿಸುತ್ತದೆ. ನೆರಳು ಕಡಿಮೆ, ಟೋಪಿ ಮತ್ತು ನೀರು ಒಯ್ಯಿರಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಮಧ್ಯಾಹ್ನ ಮೀನೂಟ ಮಾಡುವವರು ಒಂದು ಗಂಟೆಗೇ ಕೂತುಬಿಡಿ. ನಮ್ಮ ಕಡೆಯ ಹಾಗೆ ಮೂರಕ್ಕೆ ಹೋದರೆ ಬಂಗುಡೆ ಬಿಟ್ಟು ಬೇರೆಲ್ಲಾ ಖಾಲಿ. ಅನ್ನ ಕುಚ್ಚಲಕ್ಕಿಯದು ಬೇಕಾ, ಬೆಳ್ತಿಗೆಯದು (ಬಿಳಿ ಅಕ್ಕಿಯದು) ಬೇಕಾ ಅಂತ ಕೇಳುತ್ತಾರೆ. ಒಮ್ಮೆ ಕುಚ್ಚಲಕ್ಕಿ ಹಾಕಿಸಿಕೊಳ್ಳಿ, ಮೀನು ಸಾರಿಗೆ ಅದೇ ಸರಿ. ಸಸ್ಯಾಹಾರಿಗಳಿಗೆ ಉಡುಪಿಯಲ್ಲಿ ಹೇಳಿಕೊಡಬೇಕಾ? ಬನ್ಸ್, ಗೋಳಿಬಜೆ, ನೀರುದೋಸೆ. ನೀರುದೋಸೆಯನ್ನು ನಮ್ಮ ದೋಸೆಗೆ ಹೋಲಿಸಬೇಡಿ, ಇದು ಬೇರೆ ಜಾತಿ. ಸಂಜೆಗೆ ಕಾಪು. ಅಲ್ಲಿಯ ದೀಪಸ್ತಂಭ 1901ರದ್ದು. ಸಂಜೆ ಹತ್ತಲು ಬಿಡುತ್ತಾರೆ, ಮೇಲಿಂದ ತೆಂಗಿನ ತೋಟ ಮತ್ತು ಕಡಲು ಎರಡೂ ಒಟ್ಟಿಗೆ ಕಾಣುತ್ತವೆ.

ಮೂರನೇ ದಿನ: ಮರವಂತೆಯ ದಾರಿ

ಇಡೀ ಪ್ರವಾಸದಲ್ಲಿ ಗಾಡಿ ಓಡಿಸುವುದೇ ಸುಖ ಅನ್ನಿಸುವ ದಿನ ಇದು. ಕುಂದಾಪುರ, ತ್ರಾಸಿ ದಾಟಿದ ಮೇಲೆ ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ, ಜನ ಕಡಿಮೆ. ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಬೇಡಿ, ಜಾಗ ನೋಡಿ ಪೂರ್ತಿ ಒಳಗೆ ಹಾಕಿ. ಇಲ್ಲಿ ಈಜಲೂಬೇಡಿ. ಅಲೆ ತಡೆಯಲು ಬಂಡೆ ಹಾಕಿರುವ ದಂಡೆ ಅದು.

ಅಪ್ಪಾಜಿ ಮೊದಲ ಸಲ ಸಮುದ್ರ ನೋಡಿದ್ದು ಇಲ್ಲೇ. ಭದ್ರಾ ನಾಲೆಯ ಕೊನೆ ಭಾಗದ ಗದ್ದೆ ನಮ್ಮದು. ನೀರು ಬಂತಾ ಅಂತ ರಾತ್ರಿ ಎದ್ದು ಹೋಗಿ ನೋಡಿದವರು ಅವರು. ಚಪ್ಪಲಿ ಬಿಟ್ಟು ಬಂಡೆ ಮೇಲೆ ಕೂತು, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ನೀರೈತಿ, ಒಂದು ಮಡಿಗೂ ಹಾಯ್ಸಕ್ಕೆ ಬರಲ್ಲ ನೋಡು" ಅಂದರು. ನಂತರ ಎದ್ದು, ಬಲಗಡೆಯ ಸೌಪರ್ಣಿಕಾವನ್ನೇ ನೋಡುತ್ತಾ ನಿಂತರು.

ಮುಂದೆ ಬೈಂದೂರಿನ ಒತ್ತಿನೆಣೆ, ಸೋಮೇಶ್ವರ ಬೀಚ್. ಇಂಥ ಯಾವುದೋ ಬೀಚಿನಲ್ಲಿ ನಾನು ಮರಳಿನ ಮೇಲೆ ಕಾರು ಇಳಿಸಿದ್ದೆ. ಬೇರೆಯವರ ಟೈರಿನ ಗುರುತಿತ್ತು, ಆ ಧೈರ್ಯ. ಹತ್ತು ಅಡಿಗೆ ಮುಂದಿನ ಚಕ್ರ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ಬಲೆ ಸರಿ ಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, "ಎಂತ ಮಾರಾಯ್ರೆ, ಕಾರಿಗೆ ಈಜು ಬರ್ತದಾ?" ಅಂದರು. ಅವರೇ ದಾರಿ ತೋರಿಸಿದರು. ಮೊದಲು ಎಂಜಿನ್ ಆಫ್. ಚಕ್ರದ ಮುಂದಿನ ಮತ್ತು ಹಿಂದಿನ ಮರಳು ಕೈಯಲ್ಲೇ ಬಗೆದು ತೆಗೆಯಬೇಕು. ಟೈರಿನ ಗಾಳಿ ಅರ್ಧದ ಹತ್ತಿರ ಇಳಿಸಬೇಕು. ಚಪ್ಪಟೆಯಾದ ಟೈರು ಮರಳಿನಲ್ಲಿ ಹೂಳುವುದು ಕಡಿಮೆ. ಚಕ್ರದ ಕೆಳಗೆ ತೆಂಗಿನ ಗರಿ ಅಥವಾ ಕಾರಿನ ಮ್ಯಾಟ್ ತುರುಕಿ, ಸ್ಟೀರಿಂಗ್ ನೇರ ಇಟ್ಟು, ಬಂದ ದಾರಿಯಲ್ಲೇ ರಿವರ್ಸ್ ನಿಧಾನಕ್ಕೆ. ಹೊರಗೆ ಬಂದ ಮೇಲೆ ಮೆಲ್ಲಗೆ ಹೋಗಿ ಮೊದಲ ಬಂಕಿನಲ್ಲೇ ಗಾಳಿ ತುಂಬಿಸಬೇಕು. ಇಷ್ಟೆಲ್ಲಾ ಕಲಿಯುವ ಬದಲು ಕಾರು ಮಣ್ಣಿನ ಮೇಲೇ ನಿಲ್ಲಿಸಿ ಐವತ್ತು ಹೆಜ್ಜೆ ನಡೆಯಿರಿ.

ಮಧ್ಯಾಹ್ನದ ಹೊತ್ತಿಗೆ ಮುರುಡೇಶ್ವರ. 123 ಅಡಿ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇದೆ, ಸರತಿ ಚಿಕ್ಕದಿದ್ದರೆ ಹತ್ತಿ.

ನೀರಿಗೆ ಇಳಿಯುವ ಮೊದಲು

ಇದಕ್ಕೆ ಬೇರೆ ಜಾಗ ಕೊಡುತ್ತೇನೆ, ಯಾಕೆಂದರೆ ನಾವು ಕೆರೆ, ನಾಲೆಯಲ್ಲಿ ಈಜು ಕಲಿತವರು. ನಾಲೆ ಒಂದೇ ಕಡೆ ಎಳೆಯುತ್ತದೆ. ಕಡಲು ಕಾಲ ಕೆಳಗಿನ ಮರಳನ್ನೂ ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಅಲ್ಲ.

ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ. ಕೆಂಪು ಬಾವುಟ ಇದ್ದರೆ ಪಾದ ಕೂಡ ಬೇಡ. ಉಬ್ಬರ ದಿನಕ್ಕೆ ಎರಡು ಸಲ, ಇಳಿತ ಎರಡು ಸಲ. ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ದೊಡ್ಡದು. ನೀರು ಇಳಿಯುವ ಹೊತ್ತಲ್ಲಿ ಸೆಳೆತ ಜಾಸ್ತಿ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಸಪಾಟಾಗಿ, ಶಾಂತವಾಗಿ ಕಂಡರೆ ಅಲ್ಲಿಗೇ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನೀರು ಒಳಗೆ ಎಳೆದುಕೊಳ್ಳುವ ದಾರಿ ಹೆಚ್ಚಾಗಿ ಅದೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು.

ನಾಲ್ಕನೇ ದಿನ: ಹೊನ್ನಾವರದಿಂದ ಗೋಕರ್ಣ

ಮುರುಡೇಶ್ವರದಿಂದ ಹೊರಟರೆ ಸುಮಾರು 75 ಕಿಲೋಮೀಟರ್ ಅಷ್ಟೇ. ಹೊನ್ನಾವರಕ್ಕೆ ಮೊದಲೇ ಕಾಸರಕೋಡು. ಇಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇವೆ, ಮನೆಯವರೆಲ್ಲಾ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಹತ್ತಿರವೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಶರಾವತಿ ಸೇತುವೆ ದಾಟಿ, ಕುಮಟಾ ಆದ ಮೇಲೆ ಮಿರ್ಜಾನ ಕೋಟೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಗೇರುಸೊಪ್ಪೆಯಿಂದ ಆಳಿದ, ಕರಿಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ.

ಗೋಕರ್ಣದಲ್ಲಿ ದೇವಸ್ಥಾನದ ಸುತ್ತಲಿನ ಬೀದಿ ಕಿರಿದು, ಕಾರು ಹೊರಗೇ ಬಿಡಿ. ಸಂಜೆಗೆ ಕುಡ್ಲೆ ಅಥವಾ ಓಂ ಬೀಚ್, ಎರಡರಲ್ಲಿ ಒಂದು. ಎರಡೂ ನೋಡೋಣ ಅಂತ ಓಡಿದರೆ ಸೂರ್ಯ ದಾರಿಯಲ್ಲೇ ಮುಳುಗುತ್ತಾನೆ. ನಮಗೆ ಹಾಗೇ ಆಯಿತು.

ಐದನೇ ದಿನ: ವಾಪಸ್

ಸುಮಾರು 305 ಕಿಲೋಮೀಟರ್, ಊಟ ತಿಂಡಿ ಸೇರಿ ಎಂಟು ಗಂಟೆ. ಗೋಕರ್ಣ ಬಿಡುವಾಗ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ, ಒಂದು ಚೀಲ ಉಪ್ಪು ಕೊಳ್ಳಿ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಅಂಕೋಲಾದ ಬಳಿ ಬಲಕ್ಕೆ ತಿರುಗಿ ಹೆದ್ದಾರಿ 52. ಅರಬೈಲ್ ಘಾಟಿಯಲ್ಲಿ ಲಾರಿಗಳು ಜಾಸ್ತಿ, ಬೆಳಿಗ್ಗೆ ಏಳಕ್ಕೇ ಹೊರಟರೆ ಒಳ್ಳೆಯದು. ಲಾರಿ ಹಿಂದೆ ಸಿಕ್ಕಿಕೊಂಡರೆ ತಿರುವಿನಲ್ಲಿ ಮುಂದೆ ನುಗ್ಗಬೇಡಿ. ಕುಮಟಾ, ಶಿರಸಿ, ಹಾವೇರಿ ಮೇಲಿನ ದಾರಿಯೂ ಇದೆ. ದೇವಿಮನೆ ಘಾಟಿ ತೆರೆದಿದೆಯಾ ಅಂತ ರೂಮಿನವರನ್ನು ಹಿಂದಿನ ರಾತ್ರಿಯೇ ಕೇಳಿಕೊಂಡು ಆ ಕಡೆ ತಿರುಗಿ.

ಮನೆಗೆ ಬಂದ ಮಾರನೇ ದಿನವೇ ಕಾರನ್ನು ವಾಟರ್ ಸರ್ವಿಸ್‌ಗೆ ಬಿಡಿ. ಮೇಲೆ ಮಿನುಗಿಸಿದರೆ ಸಾಲದು, ಗಾಡಿ ಎತ್ತಿ ಕೆಳಭಾಗಕ್ಕೆ ನೀರು ಹೊಡೆಯಲು ಹೇಳಿ. ಉಪ್ಪು ಗಾಳಿ, ಮರಳು ಅಲ್ಲೇ ಕೂತು ತುಕ್ಕು ಹಿಡಿಸುವುದು. ಮ್ಯಾಟ್ ಕೊಡವಿ, ಸ್ಟೆಪ್ನಿ ಗುಂಡಿಯನ್ನೂ ಒರೆಸಿ. ನಾವು ಹೋಗಿಬಂದು ಎರಡು ತಿಂಗಳಾದ ಮೇಲೆ ಜಾಕ್ ತೆಗೆಯಲು ಹೋದಾಗ ಅಲ್ಲಿ ಒಂದು ಮುಷ್ಟಿ ಮರಳು, ಎರಡು ಚಿಪ್ಪು ಸಿಕ್ಕವು. ಮಗಳು ಅವನ್ನು ತೊಳೆದು ಟಿವಿ ಮೇಲೆ ಇಟ್ಟಿದ್ದಾಳೆ.